ದತ್ತಾಂಶದ ಏಕಮಾನಗಳು: ಸಂಗ್ರಹ ಮತ್ತು ರವಾನೆಯ ವೇಗ

ಕಂಪ್ಯೂಟರ್, ಮೊಬೈಲ್, ಮೆಮರಿ ಕಾರ್ಡ್ ಮುಂತಾದವುಗಳಲ್ಲಿ ಎಷ್ಟು ಮಾಹಿತಿ ಹಿಡಿಯುತ್ತದೆ ಎಂಬುದನ್ನೂ ಆ ಮಾಹಿತಿ ಒಂದೆಡೆಯಿಂದ ಇನ್ನೊಂದೆಡೆಗೆ ಎಷ್ಟು ಬೇಗ ಸಾಗುತ್ತದೆ ಎಂಬುದನ್ನೂ ಅಳೆಯುವ ಮಾನಗಳಿಗೆ ದತ್ತಾಂಶದ ಏಕಮಾನಗಳು ಎಂದು ಹೆಸರು. ಸಂಗ್ರಹವನ್ನು ಬೈಟ್, ಕಿಲೋಬೈಟ್, ಮೆಗಾಬೈಟ್, ಗಿಗಾಬೈಟ್‌ಗಳಲ್ಲೂ ರವಾನೆಯ ವೇಗವನ್ನು ಸೆಕೆಂಡಿಗೆ ಇಷ್ಟು ಬಿಟ್ ಎಂದೂ ಹೇಳುವುದು ರೂಢಿ. ಮೊದಲನೆಯದು ನಿಂತದ್ದರ ಅಳತೆ, ಎರಡನೆಯದು ಹರಿಯುವುದರ ಅಳತೆ.

ವಿಜಯಪುರ ಜಿಲ್ಲೆಯ ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಸೀಮೆಯವರಿಗೆ ಈ ಅಂತರ ಹೊಸದಲ್ಲ. ಹಿಂದೆ ಬಸವನ ಬಾಗೇವಾಡಿ ತಾಲೂಕಿನಲ್ಲಿದ್ದು ಈಗ ನಿಡಗುಂದಿ ತಾಲೂಕಿಗೆ ಸೇರಿರುವ ಆಲಮಟ್ಟಿಯ ಜಲಾಶಯ 519.60 ಮೀಟರಿಗೆ ತುಂಬಿದಾಗ ಅದರಲ್ಲಿ 123.08 ಟಿಎಂಸಿ ನೀರಿರುತ್ತದೆ. ಮಳೆಗಾಲದಲ್ಲಿ ಪತ್ರಿಕೆಗಳು ಸಂಗ್ರಹವನ್ನು ಟಿಎಂಸಿಯಲ್ಲಿ, ಒಳಹರಿವು ಹೊರಹರಿವುಗಳನ್ನು ಕ್ಯೂಸೆಕ್‌ನಲ್ಲಿ ಕೊಡುತ್ತವೆ. ಅವೆರಡನ್ನು ರೈತರು ಎಂದೂ ಒಂದರ ಜಾಗದಲ್ಲಿ ಇನ್ನೊಂದನ್ನು ಇಟ್ಟು ಓದುವುದಿಲ್ಲ. ಒಂದು ಟಿಎಂಸಿ ಎಂದರೆ 100 ಕೋಟಿ ಘನ ಅಡಿ, ಒಂದು ಕ್ಯೂಸೆಕ್ ಎಂದರೆ ಸೆಕೆಂಡಿಗೆ ಒಂದು ಘನ ಅಡಿ. ಒಂದು ಗಿಗಾಬೈಟ್ ಎಂದರೆ 100 ಕೋಟಿ ಬೈಟ್. ಗುಣಕ ಎರಡರಲ್ಲೂ ಒಂದೇ. ಆದ್ದರಿಂದ ಲೆಕ್ಕವೂ ಒಂದೇ ಬರುತ್ತದೆ: ದಿನವಿಡೀ 11,574 ಕ್ಯೂಸೆಕ್ ಹರಿದರೆ ಒಂದು ಟಿಎಂಸಿ, ದಿನವಿಡೀ ಸೆಕೆಂಡಿಗೆ 11,574 ಬೈಟ್ ಹರಿದರೆ ಒಂದು ಜಿಬಿ. ನೀರಿನ ಲೆಕ್ಕದಲ್ಲಿ ಇಲ್ಲದ ತೊಡಕೊಂದು ದತ್ತಾಂಶದಲ್ಲಿದೆ. ಇಲ್ಲಿ ಸಂಗ್ರಹಕ್ಕೆ ಒಂದು ಮೂಲಮಾನ, ಹರಿವಿಗೆ ಅದಕ್ಕಿಂತ ಎಂಟು ಪಟ್ಟು ಚಿಕ್ಕದಾದ ಇನ್ನೊಂದು ಮೂಲಮಾನ. ಮೊಬೈಲ್ ಅಂಗಡಿಯಲ್ಲಿ ಹುಟ್ಟುವ ಗೊಂದಲಗಳಲ್ಲಿ ಬಹುಪಾಲು ಇದೊಂದರಿಂದಲೇ ಬರುತ್ತವೆ.

ಬಿಟ್ ಮತ್ತು ಬೈಟ್

ಎರಡೇ ಸ್ಥಿತಿಗಳಲ್ಲಿ ಒಂದನ್ನು ಸೂಚಿಸುವ ಅತಿ ಚಿಕ್ಕ ಮಾನ ಬಿಟ್. 0 ಅಥವಾ 1, ಇದೆ ಅಥವಾ ಇಲ್ಲ. 1948ರಲ್ಲಿ ಅಮೆರಿಕದ ಗಣಿತಜ್ಞ ಕ್ಲಾಡ್ ಶಾನನ್ ಸಂವಹನದ ಗಣಿತ ಸಿದ್ಧಾಂತವನ್ನು ಪ್ರಕಟಿಸಿದಾಗ ಈ ಹೆಸರು ಮುದ್ರಣದಲ್ಲಿ ನೆಲೆಯಾಯಿತು. ಹೆಸರು ಸೂಚಿಸಿದವರು ಜಾನ್ ಟ್ಯೂಕಿ ಎಂದು ಶಾನನ್ನರೇ ಅಲ್ಲಿ ಹೇಳಿದ್ದಾರೆ.

ಎರಡೇ ಗುರುತುಗಳಿಂದ ದೊಡ್ಡ ಸಂಖ್ಯೆಯ ವಿನ್ಯಾಸಗಳನ್ನು ಎಣಿಸುವ ಪದ್ಧತಿ ನಮ್ಮ ಛಂದಸ್ಸಿನಲ್ಲಿ ಬಹು ಹಿಂದಿನದು. ಲಘು, ಗುರು ಎಂಬ ಎರಡರಿಂದ ಮೂರಕ್ಷರದ ಗಣಗಳನ್ನು ಕಟ್ಟಿದರೆ ಯ, ಮ, ತ, ರ, ಜ, ಭ, ನ, ಸ ಎಂಬ ಎಂಟು ಸಿಗುತ್ತವೆ. ಒಂಬತ್ತನೆಯದಕ್ಕೆ ಎಡೆಯೇ ಇಲ್ಲ. ಮೂರು ಬಿಟ್‌ಗಳಿಂದ ಎಂಟು ಸಂಕೇತಗಳು ಎಂಬುದೂ ಇದೇ ಎಣಿಕೆ. ಉತ್ಪಲಮಾಲೆ, ಮತ್ತೇಭವಿಕ್ರೀಡಿತಗಳ ಒಂದು ಪಾದದಲ್ಲಿ 20 ಅಕ್ಷರಗಳು. ಇಪ್ಪತ್ತಕ್ಷರದ ಪಾದದಲ್ಲಿ ಲಘು ಗುರುಗಳನ್ನು ಬೇರೆ ಬೇರೆ ಬಗೆಯಲ್ಲಿ ಜೋಡಿಸುತ್ತ ಪ್ರಸ್ತಾರ ಹಾಕಿದರೆ 10,48,576 ವಿನ್ಯಾಸಗಳಾಗುತ್ತವೆ. ಕಂಪ್ಯೂಟರ್ ಬಲ್ಲವರು ಈ ಸಂಖ್ಯೆಯನ್ನು ಕಂಡ ಕೂಡಲೇ ಗುರುತಿಸುತ್ತಾರೆ. ಎರಡರ ಲೆಕ್ಕದ ಒಂದು ಮೆಗಾಬೈಟ್‌ನಲ್ಲಿರುವುದು ಇಷ್ಟೇ ಬೈಟ್. ಕನ್ನಡ ಶಾಲೆಗಳಲ್ಲಿ ಗಣ ವಿಂಗಡಿಸಲು ಕಲಿಸುವ ಮೇಷ್ಟರು ಕಂಪ್ಯೂಟರ್ ತರಗತಿಯ ಮೊದಲ ಪಾಠವನ್ನೂ ಅದೇ ಹಲಗೆಯ ಮೇಲೆ ಕಲಿಸಬಹುದು.

ಒಂದೇ ಬಿಟ್ ಒಂದು ಅಕ್ಷರಕ್ಕೂ ಸಾಲದು. 1956ರಲ್ಲಿ ಐಬಿಎಂ ಕಂಪನಿಯ ವರ್ನರ್ ಬುಖೋಲ್ಟ್ಸ್ ಬಿಟ್‌ಗಳ ಗುಂಪಿಗೆ ಬೈಟ್ ಎಂದು ಹೆಸರಿಟ್ಟರು. ಮೊದಮೊದಲು ಆ ಗುಂಪಿನ ಗಾತ್ರ ಖಚಿತವಿರಲಿಲ್ಲ. 1964ರಲ್ಲಿ ಬಂದ ಐಬಿಎಂ ಸಿಸ್ಟಂ 360 ಯಂತ್ರಗಳ ಪ್ರಭಾವದಿಂದ 8 ಬಿಟ್‌ಗಳ ಬೈಟ್ ಜಗತ್ತಿನಲ್ಲೆಲ್ಲ ನೆಲೆಯೂರಿತು. ಎಂಟು ಬಿಟ್‌ಗಳಿಂದ 256 ಬೇರೆ ಬೇರೆ ಸಂಕೇತಗಳನ್ನು ಬರೆಯಬಹುದು.

ಇಂಗ್ಲಿಷಿನ ಬರಹದಲ್ಲಿ ಬಿಟ್‌ಗೆ ಸಣ್ಣ ಬಿ, ಬೈಟ್‌ಗೆ ದೊಡ್ಡ ಬಿ ಬಳಸುವ ಕಟ್ಟಳೆಯಿದೆ. ಕನ್ನಡ ಲಿಪಿಯಲ್ಲಿ ಎಂಬಿ ಎಂದು ಬರೆದಾಗ ಆ ಗುರುತು ಅಳಿಸಿಹೋಗುತ್ತದೆ. ಪತ್ರಿಕೆಗಳೂ ಪಠ್ಯಪುಸ್ತಕಗಳೂ ವೇಗದ ವಿಷಯ ಬಂದಾಗ ಮೆಗಾಬಿಟ್ ಎಂದೂ ಸಂಗ್ರಹದ ವಿಷಯ ಬಂದಾಗ ಮೆಗಾಬೈಟ್ ಎಂದೂ ಪೂರ್ತಿ ಬರೆಯುವುದು ಒಳ್ಳೆಯದು. ಅರ್ಧ ಸಾಲು ಉಳಿಸಲು ಹೋಗಿ ಎಂಟು ಪಟ್ಟು ತಪ್ಪಾಗಬಾರದು.

ಸಾವಿರವೋ, ಸಾವಿರದ ಇಪ್ಪತ್ತನಾಲ್ಕೋ

ಕಿಲೋ ಎಂದರೆ ಸಾವಿರ, ಮೆಗಾ ಎಂದರೆ ಹತ್ತು ಲಕ್ಷ, ಗಿಗಾ ಎಂದರೆ ನೂರು ಕೋಟಿ, ಟೆರಾ ಎಂದರೆ ಒಂದು ಲಕ್ಷ ಕೋಟಿ. ಅದರಾಚೆ ಸಾವಿರ ಸಾವಿರ ಪಟ್ಟು ಏರುತ್ತ ಪೆಟಾ, ಎಕ್ಸಾ, ಝೆಟ್ಟಾ, ಯೊಟ್ಟಾಗಳಿವೆ. 2022ರ ನವೆಂಬರಿನಲ್ಲಿ ತೂಕ ಮತ್ತು ಅಳತೆಗಳ ಅಂತರರಾಷ್ಟ್ರೀಯ ಸಮ್ಮೇಳನ ರೊನ್ನಾ, ಕ್ವೆಟ್ಟಾ ಎಂಬ ಇನ್ನೆರಡನ್ನು ಸೇರಿಸಿತು.

ಆದರೆ ಕಂಪ್ಯೂಟರಿನ ಸ್ಮೃತಿಯಲ್ಲಿ ಎಲ್ಲವೂ ಎರಡರ ಘಾತದಲ್ಲಿ ಬೆಳೆಯುತ್ತದೆ. ಎರಡನ್ನು ಹತ್ತು ಬಾರಿ ಗುಣಿಸಿದರೆ 1,024 ಬರುತ್ತದೆ. ಅದು ಸಾವಿರಕ್ಕೆ ಹತ್ತಿರವಿದ್ದುದರಿಂದ ಎಂಜಿನಿಯರುಗಳು ಅದನ್ನೂ ಕಿಲೋ ಎಂದೇ ಕರೆದರು. ಚಿಕ್ಕ ಅಳತೆಯಲ್ಲಿ ಈ ಸಡಿಲು ನೂರಕ್ಕೆ ಎರಡೂವರೆಯಷ್ಟಿರಲಿಲ್ಲ. ಗಿಗಾದ ಮಟ್ಟಕ್ಕೆ ಬರುವಾಗ ನೂರಕ್ಕೆ ಏಳನ್ನು ದಾಟುತ್ತದೆ, ಟೆರಾದಲ್ಲಿ ಹತ್ತರ ಸಮೀಪಕ್ಕೆ ಹೋಗುತ್ತದೆ. 16 ಜಿಬಿ ಎಂದು ಬರೆದ ಪೆನ್‌ಡ್ರೈವ್ ವಿಂಡೋಸ್ ಕಂಪ್ಯೂಟರಿಗೆ ಹಾಕಿದಾಗ 14.9 ಎಂದು ತೋರುವುದೂ ಒಂದು ಟಿಬಿಯ ಹಾರ್ಡ್ ಡಿಸ್ಕ್ 931 ಜಿಬಿ ಎಂದು ತೋರುವುದೂ ಇದರಿಂದಲೇ. ತಯಾರಕರು ಸಾವಿರದ ಲೆಕ್ಕದಲ್ಲಿ ಮಾರುತ್ತಾರೆ, ವಿಂಡೋಸ್ 1,024ರ ಲೆಕ್ಕದಲ್ಲಿ ತೋರಿಸುತ್ತದೆ. ಅಂಗಡಿಯವರು ಕಡಿಮೆ ಮಾಲು ಕೊಟ್ಟರೆಂದು ಜಗಳಕ್ಕೆ ನಿಲ್ಲುವ ಮೊದಲು 16ನ್ನು 1.0737ರಿಂದ ಭಾಗಿಸಿ ನೋಡಬೇಕು.

ಈ ಗೊಂದಲ ತಪ್ಪಿಸಲು ಅಂತರರಾಷ್ಟ್ರೀಯ ಎಲೆಕ್ಟ್ರೊಟೆಕ್ನಿಕಲ್ ಆಯೋಗ 1998ರ ಡಿಸೆಂಬರಿನಲ್ಲಿ ಎರಡರ ಲೆಕ್ಕಕ್ಕೆ ಬೇರೆ ಹೆಸರುಗಳನ್ನು ಕೊಟ್ಟಿತು: ಕಿಬಿಬೈಟ್, ಮೆಬಿಬೈಟ್, ಗಿಬಿಬೈಟ್, ಟೆಬಿಬೈಟ್. ಹೆಸರುಗಳು ಸ್ಪಷ್ಟವಾಗಿವೆ, ಬಳಕೆ ಮಾತ್ರ ಇನ್ನೂ ತಜ್ಞರ ವಲಯ ದಾಟಿಲ್ಲ. ಹಳೆಯ 1.44 ಎಂಬಿ ಫ್ಲಾಪಿಯಲ್ಲಂತೂ ಎರಡೂ ಲೆಕ್ಕಗಳು ಬೆರೆತಿದ್ದವು. ಅದರಲ್ಲಿ ನಿಜವಾಗಿ ಹಿಡಿಯುತ್ತಿದ್ದುದು 14,74,560 ಬೈಟ್, ಅಂದರೆ 1,440ನ್ನು 1,024ರಿಂದ ಗುಣಿಸಿದಷ್ಟು. ರವಾನೆಯ ವೇಗದಲ್ಲಿ ಈ ತಂಟೆ ಇಲ್ಲ. ಅಲ್ಲಿ ಕಿಲೋ ಎಂದರೆ ಯಾವಾಗಲೂ ಸಾವಿರವೇ.

ಕನ್ನಡದ ಬೈಟುಗಳು

ಇಂಗ್ಲಿಷಿನ ಒಂದಕ್ಷರಕ್ಕೆ ಒಂದು ಬೈಟ್ ಸಾಕು ಎಂಬ ಮಾತು ಪುಸ್ತಕಗಳಲ್ಲೆಲ್ಲ ಇದೆ. ಕನ್ನಡಕ್ಕೆ ಎಷ್ಟು ಎಂಬುದನ್ನು ಅಷ್ಟು ಸಲ ಹೇಳಿಲ್ಲ. 1991ರ ಭಾರತೀಯ ಮಾನಕವಾದ ಇಸ್ಕಿಯಲ್ಲಿ ಕನ್ನಡದ ಸಂಕೇತವೊಂದಕ್ಕೆ ಒಂದೇ ಬೈಟ್ ಸಾಕಾಗುತ್ತಿತ್ತು. ಆದರೆ ಅದೇ ಬೈಟ್ ಇನ್ನೊಂದು ಲಿಪಿಯಲ್ಲಿ ಇನ್ನೊಂದು ಅಕ್ಷರವಾಗುತ್ತಿತ್ತು. ಯುನಿಕೋಡ್ ಜಗತ್ತಿನ ಲಿಪಿಗಳಿಗೆಲ್ಲ ಬೇರೆ ಬೇರೆ ಸಂಖ್ಯೆ ಕೊಟ್ಟಿತು. ಕನ್ನಡಕ್ಕೆ 3,200ರಿಂದ 3,327ರವರೆಗಿನ 128 ಮನೆಗಳು ಬಂದವು. 1992ರಲ್ಲಿ ಕೆನ್ ಥಾಂಪ್ಸನ್ ಮತ್ತು ರಾಬ್ ಪೈಕ್ ರೂಪಿಸಿದ ಯುಟಿಎಫ್-8 ಎಂಬ ಬರೆಯುವ ಕ್ರಮದಲ್ಲಿ 2,047ರವರೆಗಿನ ಸಂಖ್ಯೆಗಳು ಎರಡು ಬೈಟಿನೊಳಗೆ ಹಿಡಿಯುತ್ತವೆ. ಕನ್ನಡದ ಮನೆಗಳು ಅದರಾಚೆ ಇರುವುದರಿಂದ ಪ್ರತಿ ಸಂಕೇತಕ್ಕೂ ಮೂರು ಬೈಟ್ ಬೇಕು.

ಇಲ್ಲಿ ಸಂಕೇತ ಎಂದರೆ ಕಣ್ಣಿಗೆ ಕಾಣುವ ಅಕ್ಷರವಲ್ಲ. ಮೂಲ ವ್ಯಂಜನ, ಸ್ವರಚಿಹ್ನೆ, ಸೊನ್ನೆ, ಒತ್ತಕ್ಷರ ಮಾಡುವ ವಿರಾಮ, ಇವೆಲ್ಲ ಬೇರೆ ಬೇರೆ ಸಂಕೇತಗಳು. ಇಂಡಿ ಎಂಬುದರಲ್ಲಿ ಇ, ಸೊನ್ನೆ, ಡ, ಗುಡಿಸು ಸೇರಿ ನಾಲ್ಕು, ಅಂದರೆ 12 ಬೈಟ್. ಸಿಂದಗಿಗೆ 18. ಮುದ್ದೇಬಿಹಾಳದಲ್ಲಿ ಕಾಣುವುದು ಐದಕ್ಷರವಾದರೂ ಒಳಗೆ 11 ಸಂಕೇತ, 33 ಬೈಟ್. ಅದರ ‘ದ್ದೇ’ ಒಂದಕ್ಕೇ 12 ಬೈಟ್, ಇಂಡಿ ಊರಿನ ಪೂರ್ತಿ ಹೆಸರಿನಷ್ಟು. ಬಸವನ ಬಾಗೇವಾಡಿಗೆ ನಡುವಿನ ಖಾಲಿ ಜಾಗದ ಒಂದು ಬೈಟ್ ಸೇರಿ 37. ಇಂಗ್ಲಿಷ್ ಲಿಪಿಯಲ್ಲಿ ಬರೆದ ಮುದ್ದೇಬಿಹಾಳಕ್ಕೆ ಹತ್ತೇ ಬೈಟ್ ಸಾಕು.

ಮೊಬೈಲಿನ ಎಸ್‌ಎಂಎಸ್‌ನಲ್ಲಿ ಇದರ ಬಿಸಿ ನೇರವಾಗಿ ತಟ್ಟುತ್ತದೆ. ಒಂದು ಸಂದೇಶದ ಗಾತ್ರ 140 ಬೈಟ್, ಅಂದರೆ 1,120 ಬಿಟ್. ಏಳು ಬಿಟ್‌ನ ಇಂಗ್ಲಿಷ್ ಅಕ್ಷರಗಳು ಅದರಲ್ಲಿ 160 ಹಿಡಿಯುತ್ತವೆ. ಕನ್ನಡ ಬರೆದ ಕೂಡಲೇ ಸಾಮಾನ್ಯವಾಗಿ ಸಂಕೇತಕ್ಕೆ ಎರಡು ಬೈಟಿನ ಬೇರೆ ಕ್ರಮ ಜಾರಿಗೆ ಬಂದು ಮಿತಿ 70ಕ್ಕೆ ಇಳಿಯುತ್ತದೆ. ಲಿಂಬೆಯ ಪೇಟೆ ಧಾರಣೆಯನ್ನೋ ಮಳೆಯ ಮುನ್ಸೂಚನೆಯನ್ನೋ ಕನ್ನಡದಲ್ಲಿ ಕಳಿಸುವ ಸಂಸ್ಥೆಗೆ ಒಂದು ಸಂದೇಶದ ಜಾಗದಲ್ಲಿ ಎರಡು ಮೂರರ ಖರ್ಚು ಬೀಳುತ್ತದೆ. ಇಂಗ್ಲಿಷ್ ಲಿಪಿಯಲ್ಲಿ ಬರೆದ ಕನ್ನಡ ಅಷ್ಟೊಂದು ಬಳಕೆಗೆ ಬರಲು ಕೀಲಿಮಣೆ ಒಂದು ಕಾರಣವಾದರೆ ಈ ಎಪ್ಪತ್ತರ ಮಿತಿಯೂ ಒಂದು ಕಾರಣವೆಂದು ಎಣಿಸಬೇಕು.

ಹಾಗೆಂದು ಯುನಿಕೋಡ್ ಕನ್ನಡ ದುಬಾರಿ ಎಂದು ಹಿಂಜರಿಯಬೇಕಿಲ್ಲ. ಕನ್ನಡದ ಎಲ್ಲ ಸಂಕೇತಗಳ ಮೊದಲ ಬೈಟ್ ಒಂದೇ. ಎರಡನೆಯದಕ್ಕೆ ಎರಡೇ ರೂಪ. ಹೀಗೆ ಮರುಕಳಿಸುವ ಭಾಗವನ್ನು ಹಿಂಡಿ ಚಿಕ್ಕದು ಮಾಡುವ ಜಿಪ್‌ನಂಥ ತಂತ್ರಾಂಶಗಳು ಕನ್ನಡ ಕಡತವನ್ನು ಚೆನ್ನಾಗಿ ಕುಗ್ಗಿಸುತ್ತವೆ. ಮೇಲಾಗಿ, ಬರಹ ಎಂಬುದೇ ದತ್ತಾಂಶದ ಲೋಕದಲ್ಲಿ ತೀರ ಹಗುರಾದ ವಸ್ತು.

ವಚನ, ತಾಡವಾಲೆ, ಹಾಡು

ಬಸವಣ್ಣನವರು ಹುಟ್ಟಿದ್ದು ಬಾಗೇವಾಡಿಯಲ್ಲಿ. ವಿಜಯಪುರದಲ್ಲಿ ವಕೀಲಿ ಮಾಡಿಕೊಂಡಿದ್ದ ಫ.ಗು. ಹಳಕಟ್ಟಿಯವರು ಮನೆ ಮನೆ ತಿರುಗಿ ವಚನಗಳ ತಾಡವಾಲೆಗಳನ್ನು ಕೂಡಿಸಿದರು. 1923ರಲ್ಲಿ ‘ವಚನಶಾಸ್ತ್ರ ಸಾರ’ದ ಮೊದಲ ಭಾಗ ಹೊರಬಂತು, 1925ರಲ್ಲಿ ಹಿತಚಿಂತಕ ಮುದ್ರಣಾಲಯ, ಮರುವರ್ಷ ‘ಶಿವಾನುಭವ’ ಪತ್ರಿಕೆ ಶುರುವಾದವು. ಸಿಂದಗಿ ತಾಲೂಕಿನ ಎಂ.ಎಂ. ಕಲಬುರ್ಗಿಯವರ ಪ್ರಧಾನ ಸಂಪಾದಕತ್ವದಲ್ಲಿ ಸಮಗ್ರ ವಚನ ಸಂಪುಟಗಳು 15 ಭಾಗಗಳಾಗಿ ಪ್ರಕಟವಾದವು. ಈಗ ‘ವಚನ ಸಂಚಯ’ ತಾಣದಲ್ಲಿ 20 ಸಾವಿರಕ್ಕೂ ಹೆಚ್ಚು ವಚನಗಳನ್ನು ಪದ ಹಿಡಿದು ಹುಡುಕಬಹುದು.

ಇಷ್ಟೆಲ್ಲಕ್ಕೆ ಎಷ್ಟು ಬೈಟ್ ಬೇಕು? ವಚನವೊಂದಕ್ಕೆ ಸರಾಸರಿ 400 ಸಂಕೇತ ಎಂದಿಟ್ಟುಕೊಂಡರೆ ಒಂದಕ್ಕೆ 1,200 ಬೈಟ್, ಇಪ್ಪತ್ತು ಸಾವಿರಕ್ಕೆ 24 ಮೆಗಾಬೈಟ್. ಹದಿನೇಳು ಫ್ಲಾಪಿಗಳಲ್ಲಿ ಇಡೀ ವಚನ ಸಾಹಿತ್ಯ ಕೂರುತ್ತದೆ. ಈಗ ಅದೇ ವಚನ ಬರೆದ ತಾಡವಾಲೆಯ ಒಂದು ಗರಿಯನ್ನು ಸ್ಕ್ಯಾನ್ ಮಾಡೋಣ. 40 ಸೆಂ.ಮೀ. ಉದ್ದ, 4 ಸೆಂ.ಮೀ. ಅಗಲದ ಗರಿಯನ್ನು ಅಂಗುಲಕ್ಕೆ 600 ಚುಕ್ಕಿಗಳಂತೆ ಬಣ್ಣದಲ್ಲಿ ತೆಗೆದರೆ ಸುಮಾರು 89 ಲಕ್ಷ ಚುಕ್ಕಿಗಳಾಗುತ್ತವೆ. ಚುಕ್ಕಿಗೆ ಮೂರು ಬೈಟಿನಂತೆ, ಹಿಂಡದೆ ಇಟ್ಟರೆ, ಸುಮಾರು 27 ಮೆಗಾಬೈಟ್. ಒಂದು ಗರಿಯ ಒಂದು ಮಗ್ಗುಲಿನ ಚಿತ್ರ ಇಪ್ಪತ್ತು ಸಾವಿರ ವಚನಗಳ ಬರಹಕ್ಕಿಂತ ಭಾರ. ಗರಿಯ ಚಿತ್ರ ವ್ಯರ್ಥ ಎಂದು ಇದರ ಅರ್ಥವಲ್ಲ. ಹುಳು ತಿಂದ ತೂತು, ತಿದ್ದಿದ ಅಕ್ಷರ, ಲಿಪಿಕಾರನ ಕೈಬರಹದ ಮೋಡಿ, ಪಾಠಭೇದ ಒರೆಗೆ ಹಚ್ಚಲು ಬೇಕಾದ ಎಲ್ಲ ಸಾಕ್ಷ್ಯ ಇರುವುದು ಆ 27 ಮೆಗಾಬೈಟ್‌ನಲ್ಲಿ. ಹಸ್ತಪ್ರತಿ ಇಟ್ಟುಕೊಂಡ ಮಠಗಳೂ ಸಂಶೋಧನ ಕೇಂದ್ರಗಳೂ ಡಿಸ್ಕ್ ಕೊಳ್ಳುವ ಮೊದಲು ಈ ಎರಡು ಲೆಕ್ಕಗಳನ್ನೂ ಮಾಡಿ ಎರಡಕ್ಕೂ ಜಾಗ ತೆಗೆದಿಡಬೇಕು.

ದನಿಯ ಲೆಕ್ಕ ಬೇರೆ. ಹಿಂದೆ ಇಂಡಿ ತಾಲೂಕಿಗೆ ಸೇರಿದ್ದ ಹಲಸಂಗಿಯ ಗೆಳೆಯರು ಬೀಸುವಾಗ ಕುಟ್ಟುವಾಗ ಹೆಣ್ಣುಮಕ್ಕಳು ಹಾಡುತ್ತಿದ್ದ ತ್ರಿಪದಿಗಳನ್ನು ಬರೆದುಕೊಂಡು ‘ಗರತಿಯ ಹಾಡು’ ಎಂದು ಪ್ರಕಟಿಸಿದರು. ಒಂದು ತ್ರಿಪದಿಗೆ 80ರ ಆಸುಪಾಸು ಸಂಕೇತವೆಂದರೆ 240 ಬೈಟ್. ಅದನ್ನೇ ಅರ್ಧ ನಿಮಿಷ ಹಾಡಿಸಿ ಸೆಕೆಂಡಿಗೆ 128 ಕಿಲೋಬಿಟ್‌ನ ಎಂಪಿ3 ಆಗಿ ಉಳಿಸಿದರೆ 480 ಕಿಲೋಬೈಟ್, ಎರಡು ಸಾವಿರ ಪಟ್ಟು. ರಾಗ, ಎಳೆತ, ಬೀಸುವ ಕಲ್ಲಿನ ಸಪ್ಪಳ, ಆಡುವ ಊರಿನ ಉಚ್ಚಾರ ಆ ಹೆಚ್ಚಿನ ಬೈಟುಗಳಲ್ಲಿವೆ. ಅಂದಿನವರಿಗೆ ಉಳಿಸಲು ಸಾಧ್ಯವಾದದ್ದು 240 ಬೈಟ್ ಮಾತ್ರ. ಇಂದು ಹಾಡುವ ಅಜ್ಜಿಯರು ಇರುವಾಗಲೇ ಉಳಿದದ್ದನ್ನೂ ಹಿಡಿದಿಡಲು ಜಾಗದ ಕೊರತೆಯ ನೆವ ಹೇಳುವಂತಿಲ್ಲ. ಜಿಲ್ಲೆಯಲ್ಲಿ ಮನೆಮಾತಾಗಿರುವ ಸಿದ್ದೇಶ್ವರ ಸ್ವಾಮೀಜಿಯವರ ಪ್ರವಚನಗಳು ಇದಕ್ಕೆ ನಿದರ್ಶನ. ಒಂದು ತಾಸಿನ ಪ್ರವಚನ ಸಿ.ಡಿ.ಯ ಗುಣಮಟ್ಟದಲ್ಲಿ ಸುಮಾರು 635 ಮೆಗಾಬೈಟ್, 128 ಕಿಲೋಬಿಟ್‌ನ ಎಂಪಿ3ಯಲ್ಲಿ 57.6 ಮೆಗಾಬೈಟ್. 16 ಜಿಬಿಯ ಮೆಮರಿ ಕಾರ್ಡಿನಲ್ಲಿ ಹಾಗೆ 277 ಪ್ರವಚನ ತುಂಬಬಹುದು.

ಉತಾರ ಮತ್ತು ಹಳೆಯ ಕಡತ

ಈ ಭಾಗದಲ್ಲಿ ಉತಾರ ಎಂದು ಕರೆಯುವ ಪಹಣಿ 2000ದ ಸುಮಾರಿಗೆ ಭೂಮಿ ಯೋಜನೆಯಡಿ ಕಂಪ್ಯೂಟರಿಗೆ ಬಂತು. ರಾಜ್ಯದ ಸುಮಾರು 67 ಲಕ್ಷ ರೈತರ 2 ಕೋಟಿಯಷ್ಟು ಪಹಣಿಗಳು ಅದರಲ್ಲಿ ಸೇರಿದವು. ಒಂದು ಪಹಣಿಗೆ 2,000 ಸಂಕೇತವೆಂದು ಧಾರಾಳವಾಗಿ ಎಣಿಸಿದರೂ ಯುನಿಕೋಡ್‌ನಲ್ಲಿ 6 ಕಿಲೋಬೈಟ್, ಇಡೀ ರಾಜ್ಯಕ್ಕೆ 120 ಗಿಗಾಬೈಟ್. ಈಗಿನ ಒಂದು ಮೊಬೈಲಿನಲ್ಲಿ ಹಿಡಿಯುವಷ್ಟು.

ತಾಲೂಕು ಕಚೇರಿಗಳ ಅಭಿಲೇಖಾಲಯದ ಹಳೆಯ ಕಾಗದಗಳನ್ನು ಸ್ಕ್ಯಾನ್ ಮಾಡುವ ಭೂ ಸುರಕ್ಷಾ ಯೋಜನೆ 2024ರಲ್ಲಿ ಶುರುವಾದಾಗ ಲೆಕ್ಕದ ಅಳತೆಗೋಲೇ ಬದಲಾಯಿತು. ಎ4 ಹಾಳೆಯೊಂದನ್ನು ಅಂಗುಲಕ್ಕೆ 300 ಚುಕ್ಕಿಯಂತೆ ತೆಗೆದರೆ 87 ಲಕ್ಷ ಚುಕ್ಕಿ. ಬರೀ ಕಪ್ಪು ಬಿಳುಪಾದರೆ ಚುಕ್ಕಿಗೆ ಒಂದು ಬಿಟ್, 1.1 ಮೆಗಾಬೈಟ್, ಬೂದುಬಣ್ಣದ ಛಾಯೆಗಳೂ ಬೇಕಾದರೆ 8.7, ಪೂರ್ಣ ಬಣ್ಣಕ್ಕೆ 26. ಮಾಸಿದ ಮೋಡಿ ಬರಹ, ಕೆಂಪು ಶಾಯಿಯ ಷರಾ, ಮೊಹರು ಇರುವ ಹಾಳೆಗೆ ಬಣ್ಣ ಬೇಕೇ ಬೇಕು. ಹಿಂಡಿದ ಮೇಲೆ ಹಾಳೆಗೆ ಒಂದು ಮೆಗಾಬೈಟ್ ಉಳಿದರೂ 40 ಲಕ್ಷ ಹಾಳೆಗೆ 4 ಟೆರಾಬೈಟ್ ಆಗುತ್ತದೆ.

ಹರಿವು

ಡಿಜಿಟಲ್ ದೂರವಾಣಿಯಲ್ಲಿ ದನಿಯನ್ನು ಸೆಕೆಂಡಿಗೆ 8,000 ಬಾರಿ ಅಳೆದು ಪ್ರತಿ ಅಳತೆಗೂ 8 ಬಿಟ್ ಕೊಡುತ್ತಾರೆ. ಹಾಗೆ ಒಂದು ಕರೆಗೆ ಸೆಕೆಂಡಿಗೆ 64 ಕಿಲೋಬಿಟ್. ಇಂಥ 32 ದಾರಿಗಳು ಸೇರಿದರೆ 2.048 ಮೆಗಾಬಿಟ್, ಕಚೇರಿಗಳ ಜಾಲಗಳಲ್ಲಿ ಬಹುಕಾಲ ಕೇಳಿಬಂದ ‘ಎರಡು ಎಂಬಿ ಲೈನ್’ ಇದೇ. ದಿನದ ನೆಟ್ ಪ್ಯಾಕ್ ಮುಗಿದಾಗ ಹಲವು ಯೋಜನೆಗಳಲ್ಲಿ ವೇಗ ಇಳಿದು ನಿಲ್ಲುವುದೂ ಆ 64 ಕಿಲೋಬಿಟ್‌ಗೇ. ಸೆಕೆಂಡಿಗೆ 8 ಕಿಲೋಬೈಟ್ ಎಂದರೆ ನೆಟ್ ಸತ್ತಂತೆ ತೋರುತ್ತದೆ. ಆದರೂ ದಿನವಿಡೀ ಹರಿದರೆ 691 ಮೆಗಾಬೈಟ್. ವಿಡಿಯೊಗೆ ಸಾಲದು, ಬರಹಕ್ಕೆ ಸಾಕು.

ಬ್ರಾಡ್‌ಬ್ಯಾಂಡ್ ಎಂಬ ಹೆಸರಿಗೆ ಬೇಕಾದ ಕನಿಷ್ಠ ವೇಗ ನಮ್ಮ ದೇಶದಲ್ಲಿ 2004ರಲ್ಲಿ ಸೆಕೆಂಡಿಗೆ 256 ಕಿಲೋಬಿಟ್ ಇತ್ತು. 2013ರಲ್ಲಿ 512 ಆಯಿತು, 2023ರಲ್ಲಿ 2 ಮೆಗಾಬಿಟ್‌ಗೆ ಏರಿತು. 2011ರಲ್ಲಿ ಮಂಜೂರಾಗಿ ಮುಂದೆ ಭಾರತ್‌ನೆಟ್ ಎಂದು ಹೆಸರಾದ ಯೋಜನೆಯ ಗುರಿ ಪ್ರತಿ ಗ್ರಾಮ ಪಂಚಾಯ್ತಿಗೆ 100 ಮೆಗಾಬಿಟ್. ಎಂಟರಿಂದ ಭಾಗಿಸಿದರೆ ಸೆಕೆಂಡಿಗೆ 12.5 ಮೆಗಾಬೈಟ್. ಮೇಲೆ ಹೇಳಿದ 24 ಮೆಗಾಬೈಟ್ ವಚನ ಸಾಹಿತ್ಯ ಪೂರ್ಣ ವೇಗದಲ್ಲಿ ಎರಡು ಸೆಕೆಂಡಿನೊಳಗೆ ಊರು ಸೇರುತ್ತದೆ.

ಬಳಕೆದಾರರು ಕೈಲಿಟ್ಟುಕೊಳ್ಳಬೇಕಾದ ಲೆಕ್ಕ ಒಂದೇ: ಗಾತ್ರವನ್ನು ಎಂಟರಿಂದ ಗುಣಿಸಿ ವೇಗದಿಂದ ಭಾಗಿಸುವುದು. 1.5 ಜಿಬಿಯ ದಿನದ ಪ್ಯಾಕ್ 12,000 ಮೆಗಾಬಿಟ್. ಸೆಕೆಂಡಿಗೆ 5 ಮೆಗಾಬಿಟ್ ಎಳೆಯುವ ಸ್ಪಷ್ಟ ವಿಡಿಯೊ ನೋಡಿದರೆ ಅದು 40 ನಿಮಿಷಕ್ಕೆ ಖಾಲಿ. ವೇಗದ ನೆಟ್ ಬಂದ ಮೇಲೆ ಪ್ಯಾಕ್ ಬೇಗ ಮುಗಿಯುತ್ತದೆಂದು ಜನ ದೂರುವುದರಲ್ಲಿ ಹುರುಳಿದೆ, ಏಕೆಂದರೆ ದಾರಿ ಅಗಲವಾದಷ್ಟೂ ಆಪ್‌ಗಳು ತಾವಾಗಿಯೇ ಹೆಚ್ಚು ಗುಣಮಟ್ಟದ ವಿಡಿಯೊ ಆರಿಸಿಕೊಳ್ಳುತ್ತವೆ. ಜಾಹೀರಾತಿನಲ್ಲಿ ‘ವರೆಗೆ’ ಎಂಬ ಪದವನ್ನೂ ಗಮನಿಸಬೇಕು. ಊರಿಗೆ ಬರುವ ಫೈಬರ್ ಹಲವು ಮನೆಗಳ ನಡುವೆ ಹಂಚಿಕೆಯಾಗುತ್ತದೆ. ಜಿಪಾನ್ ಎಂಬ ಬಗೆಯಲ್ಲಿ ಕೆಳಮುಖವಾಗಿ ಬರುವ ಒಟ್ಟು 2.488 ಗಿಗಾಬಿಟ್‌ನ್ನು ಒಂದೇ ಕವಲಿನ ಎಲ್ಲರೂ ಹಂಚಿಕೊಳ್ಳುತ್ತಾರೆ.

ಹರಿವಿನ ಅಳತೆಯೊಂದೇ ಎಲ್ಲವನ್ನೂ ಹೇಳುವುದಿಲ್ಲ. ಮೇಲಿನ 4 ಟೆರಾಬೈಟ್ ಸ್ಕ್ಯಾನ್‌ಗಳು ಮುದ್ದೇಬಿಹಾಳದಿಂದ ಸುಮಾರು 80 ಕಿ.ಮೀ. ದೂರದ ವಿಜಯಪುರಕ್ಕೆ ಹೋಗಬೇಕೆನ್ನಿ. 100 ಮೆಗಾಬಿಟ್ ತಂತಿಯಲ್ಲಿ 3,20,000 ಸೆಕೆಂಡು, ಅಂದರೆ ಮೂರೂಮುಕ್ಕಾಲು ದಿನದ ಹತ್ತಿರ. ಅದೇ ಒಂದು ಹಾರ್ಡ್ ಡಿಸ್ಕಿನಲ್ಲಿ ತುಂಬಿ ಎರಡು ತಾಸಿನಲ್ಲಿ ಮುಟ್ಟುವ ಬಸ್ಸಿನಲ್ಲಿ ಕಳಿಸಿದರೆ ಸರಾಸರಿ ವೇಗ ಸೆಕೆಂಡಿಗೆ 4.4 ಗಿಗಾಬಿಟ್ ಆಗುತ್ತದೆ. ಆದರೆ ಬಸ್ಸಿನಲ್ಲಿ ಮೊದಲ ಬೈಟ್ ಮುಟ್ಟಲೂ ಎರಡು ತಾಸೇ ಬೇಕು. ಈ ಕಾಯುವ ಹೊತ್ತಿಗೆ ವಿಳಂಬ ಎನ್ನುತ್ತಾರೆ, ಅದನ್ನು ಮಿಲಿಸೆಕೆಂಡ್‌ಗಳಲ್ಲಿ ಅಳೆಯುತ್ತಾರೆ. ಫೈಬರಿನಲ್ಲಿ ಬೆಳಕು ಸೆಕೆಂಡಿಗೆ ಸುಮಾರು 2 ಲಕ್ಷ ಕಿ.ಮೀ. ಓಡುತ್ತದೆ; 500 ಕಿ.ಮೀ. ದೂರದ ಸರ್ವರ್‌ಗೆ ಮುಟ್ಟಲು 2.5 ಮಿಲಿಸೆಕೆಂಡ್ ಸಾಕು, ಜೊತೆಗೆ ನಡುವಿನ ಯಂತ್ರಗಳಲ್ಲಿ ತಂಗುವ ಹೊತ್ತು. 35,786 ಕಿ.ಮೀ. ಎತ್ತರದ ಭೂಸ್ಥಿರ ಉಪಗ್ರಹದ ಮೂಲಕ ಹೋಗುವ ಸಂಪರ್ಕದಲ್ಲಿ ಪ್ರಶ್ನೆ ಹೋಗಿ ಉತ್ತರ ಬರಲು 480 ಮಿಲಿಸೆಕೆಂಡ್ ಬೇಕು. ಒಂದು ಅರ್ಜಿಯ ಪುಟ ತೆರೆಯಲು ಸರ್ವರ್ ಜೊತೆ ಇಪ್ಪತ್ತು ಸುತ್ತು ಮಾತಾಡಬೇಕಾದರೆ ಅಲ್ಲಿಗೇ ಹತ್ತು ಸೆಕೆಂಡು. ಅಂಥ ಊರಿನಲ್ಲಿ ಎಷ್ಟು ಮೆಗಾಬಿಟ್ ಹೆಚ್ಚಿಸಿದರೂ ಈ ಹತ್ತು ಸೆಕೆಂಡು ಕಡಿಮೆಯಾಗದು. ಅರ್ಜಿಯ ತಂತ್ರಾಂಶ ಬರೆದವರು ಸುತ್ತುಗಳನ್ನು ಇಳಿಸಬೇಕು, ಇಲ್ಲವೆ ಊರಿಗೆ ಕೇಬಲ್ ಬರಬೇಕು.